ಮೇಲಿನ ಮೂಲೆಯ ಗುಳ್ಳೆಗಳು

ಭೀಮರಾಜು ಪೈಪ್ ರೆಂಚ್ ಎತ್ತಿದ್ದನ್ನು ಕಂಡ ಕಲ್ಲೇಶ, ಅದು ತನ್ನ ತಲೆಗೇ ಬೀಳುತ್ತದೆಂದುಕೊಂಡು ಪಕ್ಕಕ್ಕೆ ಸರಿದ. ಬಿದ್ದದ್ದು ಮೇಜಿನ ಮೇಲಿದ್ದ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಗೆ. ಮೊದಲ ಏಟಿಗೆ ಅದು ಬಿರುಕು ಬಿಟ್ಟಿತು, ಎರಡನೆಯದಕ್ಕೆ ಸೀಳಿತು. ಒಳಗಿದ್ದ, ಮೈ ಸುಡುವ ಪೊಟ್ಯಾಷ್ ಕ್ಷಾರದ ನೀರು ಚಿಮ್ಮಿ, ಮೇಜಿನ ಆಚೆ ನಿಂತಿದ್ದ ಇಂಜಿನಿಯರ್ ಲಿಖಿತಾಳ ಮೊಣಕೈ ಮೇಲೆ ಬಿತ್ತು. ಅವಳು ಕಿಟಾರನೆ ಕಿರುಚಿಕೊಂಡು ಹಿತ್ತಲ ನಲ್ಲಿಯ ಕಡೆ ಓಡಿದಳು.

ಕಲ್ಲೇಶ ಅವಳ ಹಿಂದೆ ಹೋಗಲಿಲ್ಲ. ಅವನ ಕೈ ಆಗಲೇ ಭೀಮರಾಜುವಿನ ಕುತ್ತಿಗೆಯಲ್ಲಿತ್ತು. ಹಾಗೇ ಹಿಂದಕ್ಕೆ ತಳ್ಳಿಕೊಂಡು ಹೋಗಿ ಮಿಲ್ಲಿಂಗ್ ಮೆಷಿನ್ನಿಗೆ ಒತ್ತಿದ. ರೆಂಚ್ ನೆಲಕ್ಕೆ ಬಿತ್ತು. ಭೀಮರಾಜುವಿನ ಕಣ್ಣುಗುಡ್ಡೆ ಮೇಲಕ್ಕೆ ಹೊರಳತೊಡಗಿತ್ತು.

“ಬುಡ್ಲಾ ಕಲ್ಲೇಶ, ಸತ್ತೋಯ್ತಾನೆ, ಬುಡು!” ಎಂದು ಚಿಕ್ಕರಂಗಯ್ಯ ಅವನ ಸೊಂಟ ಹಿಡಿದು ಜಗ್ಗಿದ. ಪೊಟ್ಯಾಷ್ ಕಲಸಿ ಟ್ಯಾಂಕಿಗೆ ತುಂಬುವುದು ಚಿಕ್ಕರಂಗಯ್ಯನ ಕೆಲಸ. ಅರವತ್ತು ದಾಟಿದ ಆ ಸಣಕಲ ಮನುಷ್ಯ ಜಗ್ಗಿದ್ದಕ್ಕಲ್ಲ, ಜಗ್ಗುತ್ತ ಅತ್ತುಬಿಟ್ಟದ್ದಕ್ಕೆ ಕಲ್ಲೇಶ ಕೈ ಸಡಿಲಿಸಿದ.

ಕಲ್ಲೇಶನಿಗೆ ಮೂವತ್ತೆಂಟು. ಕೈ ಮುಂದು, ಮಾತು ಹಿಂದು ಎಂದು ಅವನ ತಾಯಿ ರಂಗಮ್ಮನೇ ಹೇಳುತ್ತಿದ್ದಳು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ತಿಪಟೂರಿನ ಕೊಬ್ಬರಿ ಮಾರ್ಕೆಟ್ಟಿನಲ್ಲಿ ಯಾವುದೋ ಒಂದು ಮಾತಿಗೆ ಒಬ್ಬನ ದವಡೆ ಮುರಿದು, ಎಂಟು ತಿಂಗಳು ಜೈಲಿನಲ್ಲಿ ಕಳೆದು ಬಂದಿದ್ದ. ಆಮೇಲೆ ಹೆಣ್ಣು ಕೊಡುವವರಿಲ್ಲ, ಕೆಲಸ ಕೊಡುವವರೂ ಇಲ್ಲ. ತುರುವೇಕೆರೆ ಕಡೆ ತೆಂಗಿನ ತೋಟಗಳಿಗೆ ಡ್ರಿಪ್ ಪೈಪು ಎಳೆದ. ಲೇತ್ ಅಂಗಡಿಯೊಂದರಲ್ಲಿ ಕೆಲಸ ಕಲಿತ. ಜನರನ್ನು ಮುಟ್ಟಿದರೆ ಮುರಿಯುತ್ತಿದ್ದ ಕೈ ಲೋಹವನ್ನು ಮಾತ್ರ ಕೂದಲೆಳೆಯಷ್ಟೂ ತಪ್ಪದೆ ಕೊರೆಯುತ್ತಿತ್ತು. ಕೊಬ್ಬರಿ ವ್ಯಾಪಾರದ ಮನೆತನದ ಶಂಭುಲಿಂಗಯ್ಯನವರು ಹುಳಿಯಾರು ರಸ್ತೆಯಲ್ಲಿದ್ದ ತಮ್ಮ ಹಳೇ ಗೋಡೌನಿನಲ್ಲಿ, ನೀರನ್ನು ಕರೆಂಟಿನಿಂದ ಒಡೆದು ಹೈಡ್ರೋಜನ್ ತೆಗೆಯುವ ಯಂತ್ರ ಮಾಡಿಸಲು ಹೊರಟಾಗ, ಆ ಕೈಗಾಗಿಯೇ ಅವನನ್ನು ಕರೆಸಿಕೊಂಡಿದ್ದರು.

ಯಂತ್ರವೆಂದರೆ ಹನ್ನೆರಡು ಜೊತೆ ನಿಕ್ಕಲ್ ಪ್ಲೇಟುಗಳನ್ನು ಒತ್ತೊತ್ತಾಗಿ ಬಿಗಿದ ಒಂದು ಕಟ್ಟು. ಪ್ರತಿ ಜೊತೆಯ ನಡುವೆ ಒಂದು ತೆಳು ಪೊರೆ. ಪ್ಲೇಟಿನ ಮೈಮೇಲೆ ಕೊರೆದ ಸಣ್ಣ ಸಣ್ಣ ಕಾಲುವೆಗಳಲ್ಲಿ ಪೊಟ್ಯಾಷ್ ನೀರು ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಕರೆಂಟು ಕೊಟ್ಟರೆ ಪೊರೆಯ ಒಂದು ಮಗ್ಗುಲಲ್ಲಿ ಹೈಡ್ರೋಜನ್, ಇನ್ನೊಂದು ಮಗ್ಗುಲಲ್ಲಿ ಆಮ್ಲಜನಕ ಗುಳ್ಳೆಗುಳ್ಳೆಯಾಗಿ ಏಳುತ್ತವೆ. ಹರಿಯುವ ನೀರು ಆ ಗುಳ್ಳೆಗಳನ್ನು ಹೊತ್ತುಕೊಂಡು ಹೋಗಬೇಕು. ನೀರು ಹರಿಯದ ಕಡೆ ಗುಳ್ಳೆ ಕೂರುತ್ತದೆ. ಕೂತ ಕಡೆ ಪ್ಲೇಟು ಒಣಗಿ ಕಾಯುತ್ತದೆ, ಪೊರೆ ಸುಟ್ಟು ತೂತಾಗುತ್ತದೆ. ಎರಡು ಅನಿಲಗಳೂ ಬೆರೆತರೆ ಒಂದು ಕಿಡಿ ಸಾಕು.

ಚಿಕ್ಕನಾಯಕನಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಲಿಖಿತಾಳಿಗೆ ಈ ಭಯ ಮೊದಲಿನಿಂದಲೂ ಇತ್ತು. ಪೊರೆಗಳು ಎರಡು ತಿಂಗಳಿಗೇ ಹಾಳಾಗುತ್ತಿದ್ದವು. ಒಳಗೆ ಏನಾಗುತ್ತಿದೆಯೆಂದು ಕಣ್ಣಾರೆ ನೋಡಲು ಅವಳು ಆ ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿದ್ದಳು. ನೀರು ಬಿಟ್ಟು ಕರೆಂಟು ಕೊಟ್ಟಾಗ ಮಧ್ಯದ ಕಾಲುವೆಗಳಲ್ಲಿ ಗುಳ್ಳೆಗಳು ಸರಸರನೆ ಓಡಿದವು. ಎಡಗಡೆಯ ಮೇಲಿನ ಮೂಲೆಯಲ್ಲಿ ಮಾತ್ರ ಬೆಳ್ಳಗೆ, ಕಪ್ಪೆ ಮೊಟ್ಟೆಯ ಹಾಗೆ ಗುಂಪುಗೂಡಿ ಕೂತುಬಿಟ್ಟವು.

ಕಲ್ಲೇಶ ಅದನ್ನು ನೋಡಿದವನೇ ಹೇಳಿದ್ದ: “ಮೇಡಂ, ನೀರು ಬರೋದೂ ಬಲಗಡೆ, ಹೋಗೋದೂ ಬಲಗಡೆ. ಹತ್ರದ ದಾರಿ ಹಿಡ್ಕಂಡು ಹೊಂಟೋಯ್ತದೆ. ಡ್ರಿಪ್ ಪೈಪಲ್ಲೂ ಹಿಂಗೇ ಕಣ್ರೀ. ನೀರು ಬಿಡೋ ಗೇಟ್‌ವಾಲ್ ಹತ್ರದ ಮರ ಕೆಸರಲ್ಲಿ ನಿಂತಿರ್ತದೆ, ಕೊನೇ ಮರದ ಗರಿ ಒಣಗಿರ್ತದೆ.”

ಮೂರು ದಿನದಲ್ಲಿ ಅವನು ಹೊಸದಾಗಿ ಒಂದು ಜೊತೆ ಪ್ಲೇಟು ಕೊರೆದ. ನೀರು ಬಲಗಡೆ ಕೆಳಗಿನಿಂದ ಒಳಬಂದು ಎಡಗಡೆ ಮೇಲಿನಿಂದ ಹೊರಹೋಗಬೇಕು. ಪ್ಲೇಟಿನ ಮೇಲಂಚು ಸಮ ಇರದೆ ನೀರು ಹೊರಹೋಗುವ ಬಾಯಿಯ ಕಡೆಗೆ ಏರಬೇಕು, ಆ ಬಾಯಿ ದೊಡ್ಡದಿರಬೇಕು. ಲಿಖಿತಾ ಲೆಕ್ಕ ಹಾಕಿ ಕಾಲುವೆಗಳ ಆಳ ಹೇಳಿದಳು, ಇವನು ಕೊರೆದ. ಪೆಟ್ಟಿಗೆಗೆ ಹಾಕಿ ನೋಡಿದರೆ ಮೂಲೆ ಖಾಲಿ. ಒಂದು ಗುಳ್ಳೆಯೂ ನಿಲ್ಲಲಿಲ್ಲ. ಹನ್ನೆರಡು ಜೊತೆಗೂ ಹಾಗೇ ಮಾಡಲು ಮೂರು ವಾರ ಬೇಕಿತ್ತು.

ಉಸ್ತುವಾರಿ ಭೀಮರಾಜುವಿನ ಬಳಿ ಮೂರು ವಾರ ಇರಲಿಲ್ಲ. ಯಂತ್ರ ನೋಡಲು ಬೆಂಗಳೂರಿನ ಕಂಪನಿಯೊಂದರವರು ಸೋಮವಾರ ಬರುವವರಿದ್ದರು. ಎಲ್ಲ ಸಿದ್ಧವಾಗಿದೆಯೆಂದು ಯಜಮಾನರಿಗೆ ಅವನೇ ಮಾತು ಕೊಟ್ಟಿದ್ದ. “ಜೈಲಿಂದ ಬಂದೋನು ನಂಗೆ ನೀರು ಹರಿಯೋದು ಹೇಳ್ಕೊಡ್ತಾನೆ! ಹಳೇದೇ ಓಡ್ತದೆ, ಓಡಿಸ್ತೀನಿ” ಎಂದ. “ಓಡಿಸು, ನೀನು ಮಾತ್ರ ಪಕ್ಕದಲ್ಲಿ ನಿಂತ್ಕೊ” ಎಂದು ಕಲ್ಲೇಶ ನಕ್ಕ. ಆ ನಗುವಿಗೇ ರೆಂಚ್ ಮೇಲೆದ್ದದ್ದು.

ಹಿತ್ತಲಲ್ಲಿ ಲಿಖಿತಾ ಹಲ್ಲು ಕಚ್ಚಿಕೊಂಡು ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದಳು. ಚರ್ಮ ಬೆಳ್ಳಗೆ ಉಬ್ಬಿತ್ತು.

“ಅವನ ಕುತ್ತಿಗೆ ಹಿಡಿಯೋ ಬದಲು ನನ್ನ ಕೈ ಹಿಡಿದು ನೀರಿಗೆ ಎಳೀಬೇಕಿತ್ತು ನೀವು” ಎಂದಳು ಸಿಟ್ಟಿನಿಂದ. “ಇದು ಬಿದ್ದಲ್ಲೇ ನಿಲ್ಲಲ್ಲ ಕಲ್ಲೇಶಣ್ಣ, ಒಳಗೆ ತಿಂತಾನೇ ಹೋಗುತ್ತೆ. ಇಪ್ಪತ್ತು ನಿಮಿಷ ನೀರು ಬಿಡ್ಲೇಬೇಕು. ಕಣ್ಣಿಗೆ ಬಿದ್ದಿದ್ರೆ ಇಷ್ಟು ಹೊತ್ತಿಗೆ ಕಣ್ಣೇ ಇರ್ತಿರಲಿಲ್ಲ.”

ಕಲ್ಲೇಶ ನಲ್ಲಿಯನ್ನು ಇನ್ನಷ್ಟು ತಿರುಗಿಸಿದ. ಆ ಸಂಜೆ ಶಂಭುಲಿಂಗಯ್ಯನವರು ಅವನನ್ನು ಕರೆದು, ನಾಳೆಯಿಂದ ಬರಬೇಡ ಎಂದರು. ಯಂತ್ರದ ವಿಷಯ ಹೇಳಲು ಹೋದರೆ ಕೇಳಿಸಿಕೊಳ್ಳಲಿಲ್ಲ. “ಕೊಲೆ ಆಗೋದೊಂದು ಬಾಕಿ ಇತ್ತು ಕಣಪ್ಪ. ನನ್ನ ಗೋಡೌನಲ್ಲಿ ಅದು ಬ್ಯಾಡ” ಎಂದರು.

ಸೋಮವಾರ ಹನ್ನೊಂದರ ಹೊತ್ತಿಗೆ ಕಲ್ಲೇಶ ತನ್ನ ಮೈಕ್ರೋಮೀಟರು, ಕಟರುಗಳನ್ನು ತರಲೆಂದು ಗೋಡೌನಿಗೆ ಹೋದ. ಗೇಟಿನ ಹತ್ತಿರ ನೆರಳಿನಲ್ಲಿ ಶಂಭುಲಿಂಗಯ್ಯನವರು ಬೆಂಗಳೂರಿನ ಇಬ್ಬರಿಗೆ ಎಳನೀರು ಕೊಡಿಸುತ್ತಿದ್ದರು. ಒಳಗಿನಿಂದ ಪಂಪಿನ ಸದ್ದು ಬರುತ್ತಿತ್ತು. ಕಲ್ಲೇಶ ಅವರತ್ತ ನೋಡದೆ ಹಿತ್ತಲ ಬಾಗಿಲಿನ ಕಡೆ ತಿರುಗಿದ. ಹತ್ತು ಹೆಜ್ಜೆ ಇಟ್ಟಿರಬಹುದು.

ಸದ್ದು ಅವನಿಗೆ ಕೇಳಿಸಲೇ ಇಲ್ಲ. ಯಾರೋ ಎದೆಗೆ ಒದ್ದಂತಾಗಿ ಬೆನ್ನ ಮೇಲೆ ಬಿದ್ದಿದ್ದ. ಕಣ್ಣು ಬಿಟ್ಟರೆ ಆಕಾಶದಲ್ಲಿ ಶೀಟಿನ ಚೂರುಗಳು ಹಾರುತ್ತಿದ್ದವು. ಕಿವಿಯಲ್ಲಿ ಗುಂಯ್ ಎನ್ನುವುದೊಂದೇ ಉಳಿದಿತ್ತು. ಎದ್ದು ಒಳಕ್ಕೆ ಓಡಿದ.

ಆಮ್ಲಜನಕ ಸೇರುವ ಉಕ್ಕಿನ ಡ್ರಮ್ಮು ಬಾಳೆಯ ಸಿಪ್ಪೆ ಸುಲಿದಂತೆ ಸುಲಿದು ನಿಂತಿತ್ತು. ಎಲ್ಲೆಲ್ಲೂ ಬಿಸಿ ಪೊಟ್ಯಾಷ್, ಹಬೆ, ಸುಟ್ಟ ರಬ್ಬರಿನ ನಾತ. ಲಿಖಿತಾ ಮಿಲ್ಲಿಂಗ್ ಮೆಷಿನ್ನಿನ ಹಿಂದೆ ಕೂತಿದ್ದಳು. ಕಿವಿಯಿಂದ ರಕ್ತ ಇಳಿಯುತ್ತಿತ್ತು, ಬಾಯಿ ಆಡುತ್ತಿತ್ತು. ಡ್ರಮ್ಮಿನ ಪಕ್ಕದಲ್ಲಿ ಚಿಕ್ಕರಂಗಯ್ಯ ಮಗುಚಿ ಬಿದ್ದಿದ್ದ. ಕಲ್ಲೇಶ ಅವನನ್ನು ತಿರುಗಿಸಿದ, ತಿರುಗಿಸಿದ್ದಕ್ಕೆ ಪಶ್ಚಾತ್ತಾಪಪಟ್ಟ. ಡ್ರಮ್ಮಿನ ಮುಚ್ಚಳದ ತುಂಡು ಎದೆಯನ್ನು ಹೊಕ್ಕು ಹೋಗಿತ್ತು. ಮುಖದಲ್ಲಿ ಗುರುತು ಹಿಡಿಯುವಂಥದ್ದು ಏನೂ ಉಳಿದಿರಲಿಲ್ಲ. ಕೊರಳಲ್ಲಿದ್ದ ತಾಯತದಿಂದ ಇವನೇ ಅವನೆಂದು ತಿಳಿಯಬೇಕಿತ್ತು.

ತಲೆ ಎತ್ತಿದಾಗ ಕಲ್ಲೇಶನಿಗೆ ಗೋಡೆಯ ಮೇಲಿನ ಅಲಾರಮ್ಮು ಕಂಡಿತು. ಅನಿಲ ಬೆರೆತರೆ ಊರಿಗೆ ಕೇಳುವಂತೆ ಕೂಗಬೇಕಾದ ಹಾರ್ನು ಅದು. ಅದರ ವೈರು ಕತ್ತರಿಸಿ, ತುದಿಗೆ ನೀಟಾಗಿ ಕಪ್ಪು ಟೇಪು ಸುತ್ತಿತ್ತು.

ಅದೇ ಗೋಡೆಯ ಬುಡದಲ್ಲಿ ಭೀಮರಾಜು ತೆವಳುತ್ತಿದ್ದ.

ಕಲ್ಲೇಶ ನೆಲದಲ್ಲಿ ಬಿದ್ದಿದ್ದ ಕಬ್ಬಿಣದ ಸರಳು ಎತ್ತಿಕೊಂಡ. ಮೊದಲ ಏಟು ಬೆನ್ನಿಗೆ. ಎರಡನೆಯದು ಮೊಣಕಾಲಿನ ಕೆಳಗೆ. ಮೂಳೆ ಮುರಿದದ್ದು ಕಿವಿಗೆ ಕೇಳದಿದ್ದರೂ ಸರಳಿನ ಮೂಲಕ ಅವನ ಅಂಗೈಗೆ ಗೊತ್ತಾಯಿತು. ಅದು ಅವನಿಗೆ ಹಿತವಾಗಿತ್ತು. ಮೂರನೆಯದು ತಲೆಗೆ ಎಂದು ಎತ್ತಿದ.

ಭೀಮರಾಜು ತಲೆಗೆ ಕೈ ಅಡ್ಡ ತರಲಿಲ್ಲ. ಕಾಲು ಮುರಿದರೂ ಕಾಲು ಹಿಡಿದುಕೊಳ್ಳಲಿಲ್ಲ. ಎರಡೂ ಕೈಯಿಂದ ಕಣ್ಣುಗಳನ್ನು ಉಜ್ಜುತ್ತಿದ್ದ, ಕಿತ್ತು ಹೊರಗೆ ಹಾಕುವವನಂತೆ ಉಜ್ಜುತ್ತಿದ್ದ. ರೆಪ್ಪೆಗಳು ಊದಿ ಬೆಳ್ಳಗೆ ನೊರೆಗಟ್ಟಿದ್ದವು.

ಕಲ್ಲೇಶ ಸರಳನ್ನು ಎಸೆದ. ಅವನ ಕಾಲರು ಹಿಡಿದು, ಮುರಿದ ಕಾಲು ನೆಲದಲ್ಲಿ ಎಳೆದಾಡುತ್ತಿದ್ದಂತೆಯೇ ಹಿತ್ತಲಿಗೆ ಎಳೆದುಕೊಂಡು ಹೋದ. ನಲ್ಲಿಯ ಕೆಳಗೆ ಸಿಮೆಂಟಿನ ತೊಟ್ಟಿ ಇತ್ತು. ಭೀಮರಾಜುವನ್ನು ಅದರ ಅಂಚಿಗೆ ಒರಗಿಸಿ, ಮುಖ ಮೇಲೆ ಮಾಡಿ, ನಲ್ಲಿಯನ್ನು ಪೂರಾ ತಿರುಗಿಸಿದ.

ನೀರು ಬಿದ್ದ ಕೂಡಲೆ ಭೀಮರಾಜು ಗಾಳಕ್ಕೆ ಸಿಕ್ಕ ಮೀನಿನಂತೆ ಒದ್ದಾಡಿದ. ಕಲ್ಲೇಶ ಅವನ ಎದೆಯ ಮೇಲೆ ಮಂಡಿಯೂರಿದ. ಒಂದು ಕೈಯಿಂದ ಕೂದಲು ಹಿಡಿದು, ಇನ್ನೊಂದರ ಎರಡು ಬೆರಳಿಂದ ರೆಪ್ಪೆಯನ್ನು ಬಲವಂತವಾಗಿ ಬಿಡಿಸಿದ. ಎಡಗಣ್ಣು, ಬಲಗಣ್ಣು, ಮತ್ತೆ ಎಡಗಣ್ಣು. ಭೀಮರಾಜು ಅವನ ಮುಖ ಪರಚಿದ, ಕೈ ಕಚ್ಚಿದ, ನೀರು ಕುಡಿದು ಕೆಮ್ಮಿದ.

“ಅಲ್ಲಾಡ್ಬೇಡ್ಲಾ! ಅಲ್ಲಾಡಿದ್ರೆ ಸಾಯಿಸ್ಬುಡ್ತೀನಿ” ಎಂದು ಕಲ್ಲೇಶ ಚೀರಿದ. ತನ್ನ ದನಿ ತನಗೇ ಕೇಳುತ್ತಿರಲಿಲ್ಲ.

ಆ ತಲೆಯನ್ನು ಇನ್ನೊಂದು ಗೇಣು ಕೆಳಕ್ಕೆ ಒತ್ತಿದರೆ ತೊಟ್ಟಿಯ ನೀರಿನೊಳಗೆ ಇರುತ್ತಿತ್ತು. ಕಲ್ಲೇಶನಿಗೆ ಅದು ಗೊತ್ತಿತ್ತು, ಅವನ ಕೈಗೂ ಗೊತ್ತಿತ್ತು. ಒತ್ತಬಾರದೆಂದು ಅವನು ಎಣಿಸತೊಡಗಿದ. ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ನೂರರವರೆಗೆ, ಮತ್ತೆ ಒಂದರಿಂದ.

ನಾಲ್ಕನೆಯ ನೂರು ಮುಗಿಯುವ ಹೊತ್ತಿಗೆ ಪಕ್ಕದ ಕಾಯಿಪುಡಿ ಫ್ಯಾಕ್ಟರಿಯ ಜನ ಕಾಂಪೌಂಡು ಹಾರಿ ಬಂದರು. ಎಂಟು ಹತ್ತು ಗಂಡಸರು. ಅವರಿಗೆ ಕಲ್ಲೇಶ ಗೊತ್ತಿತ್ತು, ಅವನ ಹಳೇ ಕೇಸು ಗೊತ್ತಿತ್ತು, ಭೀಮರಾಜುವಿನ ಕುತ್ತಿಗೆ ಹಿಡಿದು ಕೆಲಸ ಕಳೆದುಕೊಂಡದ್ದೂ ಗೊತ್ತಿತ್ತು. ಈಗ ಕಂಡದ್ದು, ಅವನು ಭೀಮರಾಜುವಿನ ಎದೆಯ ಮೇಲೆ ಕೂತು ತೊಟ್ಟಿಗೆ ತಲೆ ಒತ್ತುತ್ತಿದ್ದದ್ದು.

“ಮುಳುಗಿಸ್ತಾವ್ನೆ ಕಣ್ರೋ, ಹಿಡೀರಿ!”

ಮೊದಲ ಏಟು ಬೆನ್ನಿಗೆ ಬಿತ್ತು. ಯಾರೋ ಕೂದಲು ಹಿಡಿದು ಎಳೆದರು. ಇನ್ಯಾರೋ ಕಾಯಿ ಸುಲಿಯುವ ಹಾರೆಯ ಹಿಂಬದಿಯಿಂದ ಪಕ್ಕೆಗೆ ತಿವಿದರು. ಉಸಿರು ನಿಂತಿತು. ಕಲ್ಲೇಶ ಭೀಮರಾಜುವಿನ ಮೇಲೆ ಬೋರಲು ಬಿದ್ದ, ಆದರೆ ರೆಪ್ಪೆ ಹಿಡಿದಿದ್ದ ಬೆರಳುಗಳನ್ನು ತೆಗೆಯಲಿಲ್ಲ. “ನೀರು... ನೀರು ಬೀಳ್ಬೇಕು...” ಎನ್ನುತ್ತಿದ್ದ. ಆ ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ. ಅವನು ಬಿಡದೆ ಇದ್ದಷ್ಟೂ ಅವರು ಬಡಿದರು. ತೊಟ್ಟಿಯ ಅಂಚಿನಲ್ಲಿದ್ದ ಅವನ ಬಲಗೈ ಮೇಲೆ ಕಲ್ಲು ಬಿತ್ತು. ಎರಡು ಬೆರಳು ಹಿಂದಕ್ಕೆ ಮಡಚಿಕೊಂಡವು. ಅವನು ಎಡಗೈಯಿಂದ ರೆಪ್ಪೆ ಹಿಡಿದ. ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಶುರುಮಾಡಿದ.

ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದ ಲಿಖಿತಾ ಜನರ ನಡುವೆ ನುಗ್ಗಿ ಕಲ್ಲೇಶನ ಬೆನ್ನ ಮೇಲೆ ಬಿದ್ದಳು. ಅವಳ ಹೆಗಲಿಗೂ ಒಂದು ಏಟು ತಗಲಿತು. ರಕ್ತ ಮೆತ್ತಿದ ಹೆಣ್ಣುಮಗಳನ್ನು ಕಂಡು ಕೈಗಳು ನಿಂತವು.

“ತೊಳೀತಿದಾರೆ! ಕಣ್ಣು ತೊಳೀತಿದಾರೆ! ಕ್ಷಾರ ಬಿದ್ದಿದೆ ಕಣ್ರೋ, ಬಿಟ್ರೆ ಕುರುಡಾಗ್ತಾನೆ!”

 ಹಾರೆ ಹಿಡಿದಿದ್ದವನು ಅದನ್ನು ಕೆಳಗಿಟ್ಟು, ತಾನೂ ಕೂತು ಭೀಮರಾಜುವಿನ ಕಾಲು ಹಿಡಿದುಕೊಂಡ. ಆಂಬುಲೆನ್ಸ್ ಬರುವವರೆಗೂ ನೀರು ಬೀಳುತ್ತಲೇ ಇತ್ತು.

ಇಬ್ಬರನ್ನೂ ಒಂದೇ ಗಾಡಿಯಲ್ಲಿ ಕರೆದೊಯ್ದರು. ಕಲ್ಲೇಶನ ಮೂರು ಪಕ್ಕೆಲುಬು, ಎರಡು ಬೆರಳು ಮುರಿದಿದ್ದವು. ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದಾಗ, “ಸರಳಲ್ಲಿ ಎರಡು ಏಟು ಹೊಡ್ದೆ ಸಾರ್. ಕಾಲು ನಾನೇ ಮುರ್ದಿದ್ದು. ಆಮೇಲೆ ತೊಳ್ದೆ” ಎಂದ. ಅದಕ್ಕೂ ಮೊದಲೇ ಶಂಭುಲಿಂಗಯ್ಯನವರು ದೂರು ಬರೆದುಕೊಟ್ಟಾಗಿತ್ತು. ಕೆಲಸದಿಂದ ತೆಗೆದ ದ್ವೇಷಕ್ಕೆ ಕಲ್ಲೇಶನೇ ಹಿತ್ತಲಿಂದ ಬಂದು ಯಂತ್ರ ಕೆಡಿಸಿದ, ಅಲಾರಮ್ಮಿನ ವೈರು ಕತ್ತರಿಸಿದ ಎಂದು. ಊರಿಗೆ ನಂಬಲು ಕಷ್ಟವಾಗಲಿಲ್ಲ. ಪಕ್ಕೆ ಕೂಡುವ ಮೊದಲೇ ಅವನನ್ನು ಜೈಲಿಗೆ ಹಾಕಿದರು.

ನಲವತ್ತೊಂದನೆಯ ದಿನ ಅವನ ಬಿಡುಗಡೆಯಾದದ್ದು ಭೀಮರಾಜುವಿನಿಂದ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅವನು ಪೊಲೀಸರನ್ನು ಕರೆಸಿ, ವೈರು ಕತ್ತರಿಸಿದ್ದು ತಾನೇ ಎಂದು ಬರೆಸಿದ. ಬೆಳಗಿನಿಂದ ಹಾರ್ನು ಮತ್ತೆ ಮತ್ತೆ ಕೂಗುತ್ತಿತ್ತು, ಬಂದವರ ಮುಂದೆ ಮಾನ ಹೋಗುತ್ತದೆಂದು ಕತ್ತರಿಸಿದೆ ಎಂದ. ಕಲ್ಲೇಶನಿಗೆ ಜಾಮೀನು ಸಿಕ್ಕಿತು. ಕಾಲು ಮುರಿದ ಕೇಸು ಹಾಗೇ ಉಳಿಯಿತು.

ಲಿಖಿತಾ ಅವನನ್ನು ನೋಡಲು ಮನೆಗೆ ಬಂದಳು. ಒಂದು ಕಿವಿ ಕೇಳದ್ದರಿಂದ ತಲೆ ಓರೆ ಮಾಡಿ ಮಾತಾಡುತ್ತಿದ್ದಳು. ತಾನು ಓದಿದ ಕಾಲೇಜಿನ ಲ್ಯಾಬಿನಲ್ಲಿ ಅವನು ಕೊರೆದ ಆ ಒಂದು ಜೊತೆ ಪ್ಲೇಟನ್ನು ನೂರು ತಾಸು ಓಡಿಸಿದ್ದಳು. “ಪೊರೆಗೆ ಒಂದು ಕಲೆ ಕೂಡ ಇಲ್ಲ ಕಲ್ಲೇಶಣ್ಣ. ಒಂದು ಅನಿಲದಲ್ಲಿ ಇನ್ನೊಂದು ಸೇರೋದು ಕಾಲು ಭಾಗಕ್ಕೆ ಇಳಿದಿದೆ” ಎಂದು ಫೋನಿನಲ್ಲಿ ತೋರಿಸಿದಳು. ಅವನು ಖುಷಿಪಡುತ್ತಾನೆಂದು ಅವಳು ಅಂದುಕೊಂಡಿದ್ದಳು. ಕಲ್ಲೇಶ ಫೋನನ್ನು ಅವಳ ಕೈಗೆ ವಾಪಸು ಕೊಟ್ಟು, “ಮೂರು ವಾರ ಮೇಡಂ. ಬರೀ ಮೂರು ವಾರ” ಎಂದವನು ಎದ್ದು ಹೋಗಿ ಕೊಟ್ಟಿಗೆಯ ಗೋಡೆಗೆ ತಲೆ ಚಚ್ಚಿಕೊಂಡ. ರಂಗಮ್ಮ ಓಡಿ ಬಂದು ಹಿಡಿದುಕೊಳ್ಳಬೇಕಾಯಿತು.

ಯುಗಾದಿ ಕಳೆದ ಮರುವಾರ ಒಂದು ಮಧ್ಯಾಹ್ನ ಆಟೋ ಒಂದು ಮನೆ ಮುಂದೆ ನಿಂತಿತು. ಊರುಗೋಲು ಹಿಡಿದು ಭೀಮರಾಜು ಇಳಿದ. ಕಪ್ಪು ಕನ್ನಡಕ ಹಾಕಿದ್ದ. ಎಡಗಣ್ಣು ಹೋಗಿತ್ತು, ಬಲಗಣ್ಣಿಗೆ ಮಂಜು ಮಂಜಾಗಿ ಕಾಣುತ್ತಿತ್ತು.

ಕೂತುಕೊಳ್ಳೆಂದು ಕಲ್ಲೇಶ ಹೇಳಲಿಲ್ಲ.

“ನೀನು ಎಣಿಸ್ತಿದ್ದೆ” ಎಂದ ಭೀಮರಾಜು, ನಿಂತಲ್ಲೇ. “ಜನ ಹೊಡೀತಿದ್ರು, ನೀನು ಎಣಿಸ್ತಿದ್ದೆ. ಕಿವಿ ಗುಂಯ್ ಅಂತಿದ್ರೂ ನಂಗೆ ಕೇಳ್ತಿತ್ತು. ಬುಡಲಿಲ್ಲ ನೀನು.”

“ನಿನ್ನ ಉಳಿಸೋಕೆ ಎಣಿಸ್ತಿದ್ದೆ ಅಂದ್ಕೋಬ್ಯಾಡ. ಮುಳುಗಿಸ್ಬಾರ್ದು ಅಂತ ಎಣಿಸ್ತಿದ್ದೆ. ಈಗ್ಲೂ ನಿನ್ನ ನೋಡಿದ್ರೆ ಹಂಗೇ ಅನ್ನಿಸ್ತದೆ.”

“ಗೊತ್ತು ಕಣ್ಲಾ.”

 ಕಲ್ಲೇಶ ಕೇಳಿದ: “ಚಿಕ್ಕರಂಗಣ್ಣನ ಮನೆಗೆ ಹೋಗಿದ್ಯಾ?”

“ಇಲ್ಲ. ಧೈರ್ಯ ಬರಲಿಲ್ಲ.”

ಕಲ್ಲೇಶ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. “ನಡಿ.”

ಚಿಕ್ಕರಂಗಯ್ಯನ ಹೆಂಡತಿ ರಾಮಲಕ್ಷ್ಮಮ್ಮ ಅಂಗಳದಲ್ಲಿ ತೆಂಗಿನ ಮಟ್ಟೆ ಒಟ್ಟುತ್ತಿದ್ದಳು. ತಾನು ಯಾರೆಂದು ಭೀಮರಾಜುವೇ ಹೆಸರು ಹೇಳಿದ. ಅವಳು ಒಂದು ಗಳಿಗೆ ನೋಡಿದಳು. ಆಮೇಲೆ ಕೈಯಲ್ಲಿದ್ದ ಮಟ್ಟೆಯಿಂದಲೇ ಅವನ ಮುಖಕ್ಕೆ ಬೀಸಿದಳು. ಕನ್ನಡಕ ಹಾರಿಹೋಯಿತು. ಭುಜಕ್ಕೆ, ಎದೆಗೆ, ತಲೆಗೆ ಹೊಡೆದಳು. ಊರುಗೋಲು ಜಾರಿ ಅವನು ಮಂಡಿಯೂರಿ ಬಿದ್ದ. ಹುಬ್ಬು ಒಡೆದು ರಕ್ತ ಬಂತು. ಬಾಗಿಲಲ್ಲಿ ನಿಂತ ಕಲ್ಲೇಶ ಬಿಡಿಸಲು ಹೋಗಲಿಲ್ಲ. ನೋಡುವುದು ಮಾತ್ರ ಅವನಿಂದ ಆಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ, ಇನ್ನೊಬ್ಬರು ಹೊಡೆಯುವ ಏಟಿಗೆ ಅವನು ಮುಖ ತಿರುಗಿಸಿ ನಿಂತ.

ತೋಳು ಸೋತ ಮೇಲೆ ಅವಳು ಮಟ್ಟೆ ಬಿಸುಟು ನೆಲದ ಮೇಲೆ ಕೂತಳು. ಮುಸುಮುಸು ಉಸಿರು ಬಿಡುತ್ತ ಕೇಳಿದಳು:

“ಜೊತೇಲಿದ್ಯಲ್ಲ. ಕಡೇಗೆ ಏನಂದ್ರು ನಮ್ಮೋರು?”

ಭೀಮರಾಜು ಹಣೆಯ ರಕ್ತ ಒರೆಸಿಕೊಳ್ಳಲಿಲ್ಲ.

“ರಬ್ಬರು ಸುಟ್ಟ ವಾಸ್ನೆ ಬತ್ತದೆ ಸ್ವಾಮಿ, ನಿಲ್ಸಣ ಅಂದ್ರು. ಎರಡು ಸಲ ಅಂದ್ರು.”

“ನೀನೇನಂದೆ?”

“ಬಾಯ್ಮುಚ್ಕೊಂಡು ನಿಂತ್ಕೊ ಅಂದೆ.”

ರಾಮಲಕ್ಷ್ಮಮ್ಮ ತಲೆಯಾಡಿಸಿದಳು, ತನಗೆ ಮೊದಲೇ ಗೊತ್ತಿದ್ದದ್ದನ್ನು ಕೇಳಿದವಳಂತೆ. “ನಿಂತ್ಕೊಂಡ್ರು, ಪಾಪ” ಎಂದಳು.